ಸೋಗಿನ ವಂಚನೆ ಮತ್ತು ಮೂರು ದಿನಗಳ ಸಹಿ

ಪೊಲೀಸ್ ಅಥವಾ ರಾಯಭಾರ ಕಚೇರಿಯ ಅಧಿಕಾರಿಯೆಂದು ಸೋಗು ಹಾಕಿ, ಬಂಧನದ ಬೆದರಿಕೆಯೊಡ್ಡಿ ಹಣ ಸುಲಿಯುವ ಕರೆಗಳು ಸಿಡ್ನಿ, ಮೆಲ್ಬರ್ನ್‌ಗಳ ಭಾರತೀಯರನ್ನೂ ಬಿಟ್ಟಿಲ್ಲ. ವಂಚಕನು ಭಾರತದಲ್ಲಿದ್ದರೆ ಅಲ್ಲಿಯ ಕಾನೂನು ಇಲ್ಲಿಯವರ ನೆರವಿಗೆ ಬರುವುದೇ?

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಸೋಗು ಹಾಕಿ ವಂಚಿಸುವ ಅಪರಾಧಕ್ಕೆ ಹಳೆಯ 419ನೇ ಕಲಮಿನಲ್ಲಿ ಗರಿಷ್ಠ 3 ವರ್ಷಗಳ ಸೆರೆವಾಸವಿತ್ತು. ಹೊಸ 319ನೇ ಕಲಮಿನಲ್ಲಿ ಅದು 5 ವರ್ಷ. ವಂಚಕನು ಹೇಳಿಕೊಂಡ ಅಧಿಕಾರಿ ಕೇವಲ ಕಾಲ್ಪನಿಕ ವ್ಯಕ್ತಿಯಾಗಿದ್ದರೂ ಅಪರಾಧವು ಅಪರಾಧವೇ.

ವಂಚಿತರು ವಿದೇಶದಲ್ಲಿರುವುದು ವಿಚಾರಣೆಗೆ ಅಡ್ಡಿಯಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 202ನೇ ಕಲಮಿನಂತೆ, ಮೋಸದ ಸಂದೇಶ ಹೊರಟ ಸ್ಥಳದ ಅಥವಾ ಆರೋಪಿಯು ಹಣ ಪಡೆದ ಸ್ಥಳದ ನ್ಯಾಯಾಲಯವು ಪ್ರಕರಣವನ್ನು ವಿಚಾರಿಸಬಹುದು. ಕರೆಯು ಬೆಂಗಳೂರಿನಿಂದ ಬಂದಿದ್ದರೆ ಬೆಂಗಳೂರಿನ ನ್ಯಾಯಾಲಯಕ್ಕೆ ಆ ಅಧಿಕಾರವುಂಟು.

ತೊಡಕಿರುವುದು ದೂರಿನ ಹಂತದಲ್ಲಿ. ಅದೇ ಸಂಹಿತೆಯ 173ನೇ ಕಲಂ ವಿದ್ಯುನ್ಮಾನ ದೂರಿಗೆ ಅವಕಾಶವಿತ್ತಿದೆ. ಆದರೆ ದೂರುದಾರರು ಮೂರು ದಿನಗಳೊಳಗೆ ಅದಕ್ಕೆ ಸಹಿ ಹಾಕಬೇಕು. ಬೆಂಗಳೂರಿನ ನಿವಾಸಿಗೆ ಸೌಲಭ್ಯವಾದದ್ದು ಮೆಲ್ಬರ್ನ್‌ನ ವಿದ್ಯಾರ್ಥಿಗೆ ವಿಮಾನಯಾನದ ಪ್ರಶ್ನೆಯಾಗುತ್ತದೆ. ಇಂತಹ ಅಪರಾಧದಲ್ಲಿ ವಂಚಿತರೇ ದೂರು ಕೊಡಬೇಕೆಂಬ ನಿಯಮವಿಲ್ಲವಾದ್ದರಿಂದ, ವಿಷಯ ಬಲ್ಲ ಬಂಧುವೊಬ್ಬರು ಊರಿನ ಠಾಣೆಯಲ್ಲಿ ಮಾಹಿತಿ ನೀಡಿ ಸಹಿ ಮಾಡಬಹುದು. ಇತ್ತ ಆಸ್ಟ್ರೇಲಿಯದಲ್ಲಿ ಮೊದಲು ಬ್ಯಾಂಕಿಗೆ, ಬಳಿಕ ಸರಕಾರದ ‘ರಿಪೋರ್ಟ್‌ಸೈಬರ್’ ತಾಣಕ್ಕೆ ತಿಳಿಸಿ, ಸಂದೇಶಗಳನ್ನೂ ಹಣ ಪಾವತಿಯ ದಾಖಲೆಗಳನ್ನೂ ಕಾಯ್ದಿಡಬೇಕು.

ಶಿಕ್ಷೆಯ ಅವಧಿಯನ್ನು ಹೆಚ್ಚಿಸಿದ ಶಾಸನವು ದೂರು ಕೊಡುವ ದಾರಿಯನ್ನೂ ಸುಗಮಗೊಳಿಸಬೇಕಿತ್ತು. ರಾಯಭಾರ ಕಚೇರಿಯಲ್ಲಿ ಮಾಡಿದ ಸಹಿಗೂ ಠಾಣೆಯ ಸಹಿಯ ಮಾನ್ಯತೆ ದೊರೆತರೆ, ಹೊರನಾಡಿನವರ ಪಾಲಿಗೆ 319ನೇ ಕಲಂ ಕಾಗದದಿಂದ ಕೆಳಗಿಳಿದೀತು.