ಹೊರಗೆ ಥಳುಕು, ಒಳಗೆ ಹುಳುಕು

“ಫೈಬರ್ ಹೊಡೆಸಿಬಿಡಿ ಮಾರಾಯ್ರೆ, ಮತ್ತೆ ತಲೆಬಿಸಿ ಇಲ್ಲ.” ಹಳೆಯ ಮರದ ಮೋಟಾರು ದೋಣಿಯೊಂದನ್ನು ಅಂಗಳಕ್ಕೆ ತಂದು ರಿಪೇರಿಗೆ ಇಳಿದಾಗಿನಿಂದ ಈ ಉಪದೇಶ ಕೇಳಿ ಕೇಳಿ ಸಾಕಾಗಿದೆ. ನಾನು ಆಚಾರಿ ಮನೆತನದವನಲ್ಲ. ಉಳಿ ಹಿಡಿದದ್ದು ಹವ್ಯಾಸಕ್ಕೆ. ಆದರೂ ಹೇಳುತ್ತೇನೆ: ಇದು ದುರಸ್ತಿಯಲ್ಲ, ಹೆಣಕ್ಕೆ ಮಾಡುವ ಸಿಂಗಾರ.

ಹಲಗೆ ಜೋಡಿಸಿದ ದೋಣಿ ನೀರು ಕುಡಿದು ಉಬ್ಬುತ್ತದೆ, ಸಂದುಗಳು ತಾವಾಗಿ ಬಿಗಿಯುತ್ತವೆ. ದಡಕ್ಕೆ ಎಳೆದರೆ ಒಣಗಿ ಕುಗ್ಗುತ್ತದೆ. ಫೈಬರ್ ಪದರಕ್ಕೆ ಈ ಉಸಿರಾಟ ಗೊತ್ತಿಲ್ಲ. ಹಳೆಯ ಹಲಗೆ ಅಲುಗಿದಲ್ಲಿ ತೆಳು ಪದರ ಬಿರುಕು ಬಿಡುತ್ತದೆ, ಇಲ್ಲವೇ ಮರದಿಂದ ಏಳುತ್ತದೆ. ಮೇಲಿನಿಂದ ಇಳಿದ ಮಳೆನೀರು ನಡುವೆ ಸಿಕ್ಕಿಬೀಳುತ್ತದೆ. ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪುನೀರಿಗಿಂತ ಈ ಸಿಹಿನೀರೇ ಹಿತ. ನಾಲ್ಕು ತಿಂಗಳು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಇದನ್ನು ಬಿಡಿಸಿ ಹೇಳಬೇಕೇ? ಹೊರಗಿನಿಂದ ಬರುವ ಮರಕೊರಕ ಹುಳವನ್ನು ಫೈಬರ್ ತಡೆಯುತ್ತದೆ, ಒಪ್ಪೋಣ. ಒಳಗಿನ ಕೊಳೆತವನ್ನು ಅದು ತಡೆಯುವುದಿಲ್ಲ, ಮುಚ್ಚಿಡುತ್ತದೆ.

ದುರಸ್ತಿಯ ದಾರಿ ನಿಧಾನದ್ದು. ಚೂಪು ಮೊನೆಯಿಂದ ಚುಚ್ಚಿ ನೋಡಿ, ಗಟ್ಟಿ ಮರ ಸಿಗುವವರೆಗೆ ಕತ್ತರಿಸಬೇಕು. 1 ಅಂಗುಲ ದಪ್ಪದ ಹಲಗೆಗೆ ಕನಿಷ್ಠ 8 ಅಂಗುಲ ಉದ್ದದ ಓರೆ ಬೆಸುಗೆ ಕೊಟ್ಟು ಹೊಸ ಹೆಬ್ಬಲಸು ಸೇರಿಸಬೇಕು. ಮೊಳೆ ತಾಮ್ರದ್ದಿರಲಿ, ಹಿತ್ತಾಳೆಯೊಳಗಿನ ಸತುವನ್ನು ಉಪ್ಪುನೀರು ತಿಂದುಹಾಕುತ್ತದೆ. ಸಂದಿಗೆ ಹತ್ತಿ, ಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ. ಇದ್ಯಾವುದೂ ನನ್ನ ಶೋಧನೆಯಲ್ಲ, ಕಡಲ ಬದಿಯ ಆಚಾರಿಗಳು ಬಲ್ಲ ಕೆಲಸ.

ಹೊಟ್ಟೆಪಾಡಿಗೆ ಕಡಲಿಗಿಳಿಯುವ ಮೀನುಗಾರ ಹೊಸ ಫೈಬರ್ ದೋಣಿ ಕೊಂಡರೆ ನನ್ನ ತಕರಾರಿಲ್ಲ. ಅದು ಹಗುರ, ವರ್ಷವರ್ಷದ ಆರೈಕೆಯೂ ಕಡಿಮೆ. ಅವನ ಲೆಕ್ಕ ಅವನಿಗೆ ಗೊತ್ತು. ನನ್ನ ಜಗಳ, ಕೈಯಲ್ಲಿ ದುಡ್ಡೂ ಬಿಡುವೂ ಇಟ್ಟುಕೊಂಡು, ಕೊಳೆತ ಹಲಗೆಯ ಮೇಲೆ ರಾಳ ಬಳಿದು “ಪರಂಪರೆ ಉಳಿಸಿದೆವು” ಎಂದು ಬೋರ್ಡು ಹಾಕುವವರ ಜೊತೆ. ಕೇಳಿದರೆ “ದೋಣಿ ಕಟ್ಟುವ ಆಚಾರಿಗಳು ಈಗೆಲ್ಲಿದ್ದಾರೆ?” ಎನ್ನುತ್ತಾರೆ. ಕೆಲಸವೇ ಕೊಡದೆ ಕೆಲಸಗಾರ ಎಲ್ಲಿ ಎಂದು ಕೇಳುವುದು ಯಾವ ನ್ಯಾಯ? ಬಾಚಿ ಮೂಲೆ ಸೇರಿದ ಮನೆಯಲ್ಲಿ ಮಗ ಅದನ್ನು ಯಾಕೆ ಹಿಡಿದಾನು?

ರಾಳದ ಡಬ್ಬಿ ತೆರೆಯುವ ಮೊದಲು ಊರಿನ ಹಿರಿಯ ಆಚಾರಿಯೊಬ್ಬರಿಗೆ ಒಂದು ದಿನದ ಸಂಬಳ ಕೊಟ್ಟು ದೋಣಿ ತೋರಿಸಿ. ಅವರು ತಟ್ಟಿ ನೋಡಿ, “ಇದು ಮುಗಿಯಿತು” ಎಂದರೆ ಒಲೆಗೆ ಹಾಕಿ. ಅದೂ ಮರಕ್ಕೆ ತಕ್ಕ ಮರ್ಯಾದೆಯೇ.