‘ಟೈಮಿಲ್ಲ ಮಾರಾಯ್ರೆ’ ಎನ್ನುವವರ ಮನೆಯಲ್ಲಿ ಟೈಮು ಯಾರ ಕೈಯಲ್ಲುಂಟು?

ಪುತ್ತೂರು, ಸುಳ್ಯ, ಕಡಬದ ಯಾವ ಕ್ಲಿನಿಕ್‌ನ ಬೆಂಚಿನಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: ‘ಶುಗರ್ ಉಂಟಂತೆ, ದಿನಾ ಅರ್ಧ ಗಂಟೆ ನಡೀಬೇಕಂತೆ. ಟೈಮೆಲ್ಲಿ ಉಂಟು ಮಾರಾಯ್ರೆ? ನಮಗೆ ತೋಟದ ಕೆಲಸವೇ ವ್ಯಾಯಾಮ.’

ಹೇಳುವವರು ಹೆಚ್ಚಾಗಿ ಗಂಡಸರು. ಪಕ್ಕದಲ್ಲಿ ತನ್ನದೇ ಬಿಪಿ ಚೀಟಿ ಹಿಡಿದು ಕೂತ ಹೆಂಡತಿ ಏನೂ ಹೇಳುವುದಿಲ್ಲ. ನಿಜವಾಗಿ ಟೈಮಿಲ್ಲದಿರುವುದು ಆಕೆಗೆ.

ಮೊದಲು ತೋಟದ ಮಾತು ಮುಗಿಸೋಣ. ಅಡಿಕೆ ಮರ ಹತ್ತಿ ಗೊನೆ ಇಳಿಸುವವರಿಗೆ, ಮಳೆಗಾಲದಲ್ಲಿ ಮದ್ದು ಬಿಡುವವರಿಗೆ, ಬೆಳಕು ಹರಿಯುವ ಮೊದಲೇ ರಬ್ಬರ್ ಗುಡ್ಡೆಯಲ್ಲಿ ಮರದಿಂದ ಮರಕ್ಕೆ ಓಡುವ ಟ್ಯಾಪಿಂಗ್‌ನವರಿಗೆ ‘ವಾಕಿಂಗ್ ಮಾಡಿ’ ಎಂದರೆ ಅದು ಅವಮಾನ. ಅವರ ಮೈ ಕೇಳುವುದು ವಿಶ್ರಾಂತಿ. ಆದರೆ ಯಜಮಾನರ ತೋಟದ ಕೆಲಸ ಈಗ ಎಷ್ಟು ಉಳಿದಿದೆ? ಸ್ವಿಚ್ ಒತ್ತಿದರೆ ಸ್ಪ್ರಿಂಕ್ಲರ್ ತಿರುಗುತ್ತದೆ. ಕೆಲವರ ಪಂಪು ಮೊಬೈಲಿನಲ್ಲೇ ಚಾಲೂ ಆಗುತ್ತದೆ. ಹುಲ್ಲು ಕತ್ತರಿಸಲು ಯಂತ್ರ, ಕೊಯ್ಲಿಗೆ ಕಾರ್ಬನ್ ಫೈಬರ್ ದೋಟಿ, ಆ ದೋಟಿ ಹಿಡಿಯಲು ಬೇರೆ ಜನ. ಅಂಗಳದವರೆಗೆ ಕಾಂಕ್ರೀಟ್ ರಸ್ತೆ ಬಂದ ಮೇಲೆ ಡೈರಿಗೆ ಎರಡು ಲೀಟರ್ ಹಾಲು ಒಯ್ಯುವುದೂ ಸ್ಕೂಟರಿನಲ್ಲೇ. ಅಜ್ಜ ಸುರಿಸಿದ ಬೆವರನ್ನು ಮೊಮ್ಮಗ ತನ್ನ ಲೆಕ್ಕಕ್ಕೆ ಬರೆದುಕೊಂಡರೆ ಶುಗರ್ ಇಳಿಯುವುದಿಲ್ಲ.

ಇನ್ನು ಟೈಮು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ. ಉಸಿರು ಸ್ವಲ್ಪ ಏರುವಷ್ಟು ಬಿರುಸಿನ ನಡಿಗೆ ಸಾಕು. ಒಮ್ಮೆಗೇ ಆಗಬೇಕೆಂದಿಲ್ಲ, ಹತ್ತು ಹತ್ತು ನಿಮಿಷ ತುಂಡು ಮಾಡಿದರೂ ಸೇರುತ್ತದೆ. ಹೊನಲು ಬೆಳಕಿನ ಕಬಡ್ಡಿ, ಹಗ್ಗಜಗ್ಗಾಟ ನೋಡಲು ಮಧ್ಯರಾತ್ರಿವರೆಗೆ ಕೂರುವ, ಗೂಡಂಗಡಿಯಲ್ಲಿ ಅಡಿಕೆ ಧಾರಣೆ ಮಾತಾಡುತ್ತ ಗಂಟೆ ಕಳೆಯುವ ನಾವು ಗಂಡಸರು, ನನ್ನನ್ನೂ ಸೇರಿಸಿ, ಟೈಮಿಲ್ಲ ಎನ್ನುವುದು ಶುದ್ಧ ಸುಳ್ಳು.

ಈಗ ಒಳಗಿನ ಕೋಣೆ ನೋಡಿ. ಬೀಡಿ ಕಟ್ಟುವ ಅಕ್ಕ ಮಡಿಲಲ್ಲಿ ಗೆರಸೆ ಇಟ್ಟು, ಬೆನ್ನು ಬಗ್ಗಿಸಿ ಗಂಟೆಗಟ್ಟಲೆ ಕೂರುತ್ತಾರೆ. ನಡುವೆ ಎದ್ದರೆ ಅದು ಒಲೆಗೆ, ಹಟ್ಟಿಗೆ, ಬಟ್ಟೆ ಕಲ್ಲಿಗೆ. ಅವರಿಗೆ ಕೈ ಬೀಸಿ ನಡೆಯಲು ಸಿಗುವ ದಾರಿ ಬೀಡಿ ಬ್ರಾಂಚ್‌ಗೆ ಹೋಗುವುದು ಮಾತ್ರ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು ಕೊಡುವುದು 88 ನಿಮಿಷ. ಅದೂ ನೂರರಲ್ಲಿ ಸುಮಾರು 27 ಗಂಡಸರು ಮಾತ್ರ ಆ ಕೆಲಸಕ್ಕೆ ಕೈ ಹಾಕುವುದು. 2024ರಲ್ಲೇ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಧ್ಯಯನ ಹೇಳುವಂತೆ, ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು ನಮ್ಮ ದೇಶದ ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಇಡೀ ದಿನ ದುಡಿಯುವವರೇ ಹಿಂದೆ ಬಿದ್ದಿದ್ದಾರೆ. ಒಲೆಯ ಮುಂದೆ ನಿಂತರೆ ಕಾಲು ನೋಯುತ್ತದೆ, ಉಸಿರು ಏರುವುದಿಲ್ಲ.

ಹಟ ಹಿಡಿದು ಹೊರಟರೂ ರಸ್ತೆಯಲ್ಲಿ ಮೊದಲ ಪ್ರಶ್ನೆ: ‘ಎಲ್ಲಿಗೆ ಹೊರಟದ್ದು?’ ಸಂಘದ ಮೀಟಿಂಗ್‌ಗೆ, ದೇವಸ್ಥಾನಕ್ಕೆ, ರೇಷನ್ ಅಂಗಡಿಗೆ ಅಂದರೆ ಸರಿ. ಸುಮ್ಮನೆ ನಡೆಯಲಿಕ್ಕೆ ಅಂದರೆ, ‘ಮನೆಯಲ್ಲಿ ಕೆಲಸ ಇಲ್ವಾ?’ ಗಂಡಸರನ್ನು ಹಾಗೆ ಕೇಳಿದ್ದನ್ನು ನಾನು ಕೇಳಿಲ್ಲ.

‘ಬೆಳಿಗ್ಗೆ ಐದಕ್ಕೆ ಎದ್ದು ನಡೀಲಿ’ ಎಂಬ ಪೇಟೆಯವರ ಉಪದೇಶವೂ ಇಲ್ಲಿ ನಡೆಯುವುದಿಲ್ಲ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಬೆಳಿಗ್ಗೆ ಹಾಲಿನ ಸೊಸೈಟಿಯ ಕೆಲಸಕ್ಕೆ ನಡೆದು ಹೊರಟಿದ್ದ ಯುವತಿಯನ್ನೂ, ಆಕೆಯನ್ನು ಉಳಿಸಲು ಹೋದವರನ್ನೂ ಕಾಡಾನೆ ಕೊಂದದ್ದನ್ನು ನಾವು ಮರೆತಿಲ್ಲ. ಆನೆ ಇಲ್ಲದ ಕಡೆ ಬೀದಿನಾಯಿ, ತಿರುವಿನಲ್ಲಿ ನುಗ್ಗಿ ಬರುವ ಟಿಪ್ಪರ್. ಚರಂಡಿ ಬದಿಯಲ್ಲಿ ಕಾಲಿಡಲು ಜಾಗವಿಲ್ಲ.

ಪ್ರತಿ ಜೂನ್ 21ಕ್ಕೆ ನಾನೂ ಯೋಗ ದಿನದ ಸುದ್ದಿ ಕಳುಹಿಸುತ್ತೇನೆ. ಕುರ್ಚಿಯಲ್ಲಿ ಗಣ್ಯರು, ಚಾಪೆಯಲ್ಲಿ ಶಾಲೆ ಮಕ್ಕಳು, ಕೊನೆಗೆ ಉಪಾಹಾರ. 22ಕ್ಕೆ ಚಾಪೆ ಸುತ್ತಿ ಒಳಗಿಡುತ್ತಾರೆ. ಮಗ್ಗುಲಲ್ಲೇ ಇರುವ ಶಾಲೆಯ ಮೈದಾನದ ಗೇಟಿಗೆ ಸಂಜೆ ಬೀಗ.

ಆ ಬೀಗ ತೆಗೆಯಿರಿ. ಎಸ್‌ಡಿಎಂಸಿ ಮತ್ತು ಪಂಚಾಯತ್‌ನವರು ಕೂತು ಮಾತಾಡಿದರೆ ಸಂಜೆ ಐದರಿಂದ ಆರೂವರೆವರೆಗೆ ಮೈದಾನ ಊರಿನ ಹೆಂಗಸರಿಗೆ ಸಿಗಬಹುದು. ದೊಡ್ಡ ಅನುದಾನ ಬೇಡ, ಬೀಗದ ಕೀ ಹಿಡಿಯುವ ಒಬ್ಬರು ಸಾಕು. ಸ್ವಸಹಾಯ ಸಂಘದವರು ವಾರದ ಮೀಟಿಂಗ್ ದಿನ ಅಲ್ಲೇ ಅರ್ಧ ಗಂಟೆ ನಡೆದು ಶುರು ಮಾಡಲಿ. ಹತ್ತು ಮಂದಿ ಒಟ್ಟಿಗಿದ್ದರೆ ‘ಎಲ್ಲಿಗೆ’ ಎಂದು ಕೇಳುವವರ ಬಾಯಿ ತಾನಾಗಿ ಮುಚ್ಚುತ್ತದೆ. ಮಳೆಗಾಲಕ್ಕೆ ಶಾಲೆಯ ಜಗಲಿ ಉಂಟು.

ಆದರೆ ಮೈದಾನ ತೆರೆದರೂ ಮನೆಯಿಂದ ಹೊರಡಬೇಕಲ್ಲ? ಅಲ್ಲಿ ಪಂಚಾಯತ್ ಏನೂ ಮಾಡಲಾರದು. ವಾರಕ್ಕೆ ಐದು ಸಂಜೆ, ಅರ್ಧ ಗಂಟೆ, ದನಕ್ಕೆ ಹುಲ್ಲು ಹಾಕುವುದು, ಗಂಜಿಗೆ ಅಕ್ಕಿ ಇಡುವುದು, ಮಕ್ಕಳನ್ನು ನೋಡಿಕೊಳ್ಳುವುದು ನೀವು ಮಾಡಿ. ಐದು ಮೂವತ್ತಲಿ ನೂರೈವತ್ತು. ಡಾಕ್ಟರು ಕೇಳಿದ ಲೆಕ್ಕ ಅಲ್ಲಿಗೆ ಸರಿಹೋಯಿತು.

ಮುಂದಿನ ಸಲ ಕ್ಲಿನಿಕ್‌ನಲ್ಲಿ ‘ಟೈಮಿಲ್ಲ’ ಅನ್ನುವ ಮೊದಲು ಒಮ್ಮೆ ಪಕ್ಕಕ್ಕೆ ತಿರುಗಿ ನೋಡಿ ಅಣ್ಣ. ನಿಮ್ಮ ಟೈಮು ಅಲ್ಲಿ ಚೀಟಿ ಹಿಡಿದು ಕೂತಿದೆ.