ಪುಡಿ ಬರೋವರೆಗೂ ಪೈಪು ಬಿಟ್ಟಿರ್ತೀರಾ?

"ನ್ಯಾನೋ ಪುಡಿ ಹಾಕಿ ಬಿಸಿಲಿಗೆ ಬಿಟ್ರೆ ಕೊಳಚೆ ನೀರು ತಿಳಿಯಾಗುತ್ತಂತೆ. ನಮ್ಮ ವೃಷಭಾವತಿಗೂ ಹಾಕ್ಬಹುದಲ್ವಾ?" ಹೆಗ್ಗನಹಳ್ಳಿಯ ಟೀ ಅಂಗಡೀಲಿ ಗೆಳೆಯ ಕೇಳಿದ.

ಪೂರ್ತಿ ಸುಳ್ಳಲ್ಲ. 1972ರಲ್ಲೇ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆದು ತೋರಿಸಿದ್ದರು. ಬಿಳಿ ಪೇಂಟಿನಲ್ಲೂ ಇರುವ ವಸ್ತು ಅದು. ಅತಿನೇರಳೆ ಕಿರಣ ಬಿದ್ದರೆ ಬಟ್ಟೆ ಬಣ್ಣದ ಅಣುಗಳನ್ನು ಚಿಂದಿ ಮಾಡುತ್ತೆ.

ಆದರೆ ಬಿಸಿಲಿನಲ್ಲಿ ಅತಿನೇರಳೆಯ ಪಾಲು ನೂರಕ್ಕೆ ಐದರಷ್ಟು. ಪೀಣ್ಯದ ಕಡೆಯಿಂದ ಹರಿಯುವ ಕಪ್ಪು ನೀರಲ್ಲಿ ಅದೂ ಒಂದು ಗೇಣು ಇಳಿಯಲ್ಲ. ಇನ್ನು ಎಲೆಕ್ಟ್ರೋಪ್ಲೇಟಿಂಗಿನ ಕ್ರೋಮಿಯಂ ಮೂಲಧಾತು ರೀ! ಅದನ್ನ ಯಾವ ಬೆಳಕೂ ಒಡೆಯಲಾರದು. ಹೆಚ್ಚೆಂದರೆ ವಿಷ ಕಮ್ಮಿ ಇರುವ ರೂಪಕ್ಕೆ ತಿರುಗಿಸಬಹುದು, ಆಮೇಲೂ ಸೋಸಿ ತೆಗೀಲೇಬೇಕು.

ಹಾಗಂತ ಈ ವಿದ್ಯೆ ದಂಡವಲ್ಲ. ಅದರ ಜಾಗ ಕಾರ್ಖಾನೆಯೊಳಗೆ, ಬಣ್ಣದ ನೀರನ್ನು ಮೊದಲು ಸೋಸಿ, ದೀಪದ ಕೆಳಗೆ ಹಾಯಿಸುವ ತೊಟ್ಟಿಯಲ್ಲಿ. ನದಿಯಲ್ಲಲ್ಲ. ನಾವು ಕೋಡಿನ ಬಗ್ಗನ್ನ ಬರೆದ ಕಡೆಯೇ ಸರಿಮಾಡ್ತೀವಿ, ಗ್ರಾಹಕರ ಕೈಗೆ ಹೋಗ್ಲಿ ಆಮೇಲೆ ನೋಡೋಣ ಅನ್ನಲ್ಲ.

ಜಲ ಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ಕೊಳಚೆಯನ್ನು ಮೂಲದಲ್ಲೇ ತಡೆಯೋಕೆ ಅಷ್ಟು ಸಾಕು, ಯಾವ ಪುಡಿಯೂ ಬೇಡ. ಈ ನೀರು ಬೈರಮಂಗಲ ಕೆರೆ ತುಂಬಿ, ಅರ್ಕಾವತಿ ಸೇರಿ, ಕಾವೇರಿಗೆ ಹೋಗುತ್ತೆ. ಕೆರೆ ಕೆಳಗಿನ ಗದ್ದೆ ಅಂದ್ರೇನು ಅಂತ ಹಳ್ಳಿಯಲ್ಲಿ ಬೆಳೆದ ನನಗೆ ಗೊತ್ತು. ಹೊಸ ಪುಡಿ ಬರಲಿ, ಸಂತೋಷ. ಅದು ಬರೋವರೆಗೂ ಪೈಪು ಬಿಟ್ಟಿಟ್ಟರೆ ಅದು ವಿಜ್ಞಾನವಲ್ಲ, ನೆಪ.